ಶ್ರೀ ಪದ್ಧತಿ ಹೊಸ ಊರಿನಲ್ಲಿ ನೆಲೆಯೂರಬೇಕಾದರೆ ಯಾರೆಲ್ಲ ಜೊತೆಗಿರಬೇಕು?

ಪ್ರಶ್ನೆ: ಮಡಗಾಸ್ಕರ್‌ನಲ್ಲಿ ಹುಟ್ಟಿದ ಶ್ರೀ (SRI) ಪದ್ಧತಿ ಭತ್ತ, ಅಂದರೆ ಎಳೆ ಸಸಿಗಳನ್ನು ಒಂದೊಂದಾಗಿ ಅಂತರ ಬಿಟ್ಟು ನೆಟ್ಟು, ಸದಾ ನೀರು ನಿಲ್ಲಿಸದೆ ಬೆಳೆಯುವ ವಿಧಾನ, ಎಷ್ಟೋ ದೇಶಗಳಿಗೆ ಹಬ್ಬಿದೆ ಎಂದು ಓದಿದ್ದೇವೆ. ನಮ್ಮ ಹೋಬಳಿಯಲ್ಲಿ ಕೆಲವು ವರ್ಷಗಳ ಹಿಂದೆ ಪ್ರಾತ್ಯಕ್ಷಿಕೆ ನಡೆದು ಒಳ್ಳೆಯ ಇಳುವರಿಯೂ ಬಂತು. ಸಹಾಯಧನ ನಿಂತ ಮೇಲೆ ಒಬ್ಬರೂ ಮುಂದುವರಿಸಲಿಲ್ಲ. ಕಳೆ ತೆಗೆಯಲು ಕೊಟ್ಟಿದ್ದ ಕೋನೋವೀಡರ್‌ಗಳು ತುಕ್ಕು ಹಿಡಿಯುತ್ತಿವೆ. ಈಗ ನಮ್ಮ ರೈತ ಉತ್ಪಾದಕರ ಕಂಪನಿ ನಾಲ್ಕು ಹಳ್ಳಿಗಳಲ್ಲಿ ಮತ್ತೆ ಶುರು ಮಾಡಬೇಕೆಂದಿದೆ. ನಮ್ಮದು ನಾಲೆ ಅಚ್ಚುಕಟ್ಟು. ಬೇರೆ ಕಡೆ ಇದು ನೆಲೆಯೂರಿದ್ದು ಹೇಗೆ? ನಾವು ಯಾರನ್ನು ಜೊತೆ ಸೇರಿಸಿಕೊಳ್ಳಬೇಕು?

ಉತ್ತರ: ಇಳುವರಿ ಬಂದೂ ಪದ್ಧತಿ ನಿಂತುಹೋಯಿತು ಎಂದು ನೀವೇ ಬರೆದಿದ್ದೀರಿ. ಹಾಗಿದ್ದರೆ ತೊಂದರೆ ಬೆಳೆಯಲ್ಲಿ ಇರಲಿಲ್ಲ. ಪ್ರಾತ್ಯಕ್ಷಿಕೆ ತಲುಪಿದ್ದು ಗದ್ದೆಯ ಯಜಮಾನನನ್ನು ಮಾತ್ರ. ಶ್ರೀ ಪದ್ಧತಿಯಲ್ಲಿ ಗದ್ದೆಗೆ ಇಳಿಯುವವರು ಇನ್ನೂ ಮೂವರಿದ್ದಾರೆ: ನಾಟಿ ಹಾಕುವ ಹೆಂಗಸರ ಗುಂಪು, ಕಳೆಯಂತ್ರ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯವನು, ನೀರು ಬಿಡುವ ನೀರುಗಂಟಿ. ಈ ನಾಲ್ವರೂ ಒಂದೇ ಮಾತುಕತೆಯೊಳಗೆ ಬಂದ ಕಡೆ ಪದ್ಧತಿ ನೆಲೆಯೂರಿದೆ. ಒಬ್ಬರು ಬಿಟ್ಟುಹೋದರೂ ಎರಡನೇ ಹಂಗಾಮಿಗೇ ಕಳಚಿಕೊಂಡಿದೆ.

ಮೊದಲು ಇದು ಹೇಗೆ ಪಯಣಿಸಿತು ನೋಡೋಣ. ಫ್ರೆಂಚ್ ಪಾದ್ರಿ ಹೆನ್ರಿ ದ ಲೋಲನಿಯೆ 1961ರಿಂದ ಮಡಗಾಸ್ಕರ್‌ನಲ್ಲಿದ್ದು ಅಲ್ಲಿನ ರೈತರ ಜೊತೆ ಕೆಲಸ ಮಾಡುತ್ತಿದ್ದರು. ಸಾಲಿನಲ್ಲಿ ಒಂದೊಂದೇ ಸಸಿ ನೆಡುವುದು, ಗದ್ದೆಯಲ್ಲಿ ಸದಾ ನೀರು ನಿಲ್ಲಿಸದಿರುವುದು ಮುಂತಾದವನ್ನು ಅವರು ಅಲ್ಲಲ್ಲಿ ರೈತರು ಮಾಡುತ್ತಿದ್ದುದರಿಂದಲೇ ಆರಿಸಿಕೊಂಡಿದ್ದರು. 1983ರ ಹಂಗಾಮಿನಲ್ಲಿ ಅನಿವಾರ್ಯವಾಗಿ ಬರೀ 15 ದಿನದ ಸಸಿ ನಾಟಿ ಮಾಡಬೇಕಾಗಿ ಬಂತು. ಆ ಸಸಿಗಳು ನಿರೀಕ್ಷೆಗೆ ಮೀರಿ ತೆಂಡೆ (ಬುಡದಿಂದ ಏಳುವ ಹೊಸ ಕವಲು) ಒಡೆದವು. 1990ರಲ್ಲಿ ಅವರೂ ಮಡಗಾಸ್ಕರ್‌ನ ಸಂಗಡಿಗರೂ ಸೇರಿ ತೆಫಿ ಸಾಯ್ನಾ ಎಂಬ ಸಂಸ್ಥೆ ಕಟ್ಟಿದರು. 1990ರ ದಶಕದ ನಡುವಿನಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪ್‌ಹಾಫ್ ಮತ್ತು ಅವರ ತಂಡ ಈ ಸಂಸ್ಥೆಯ ಜೊತೆಗೂಡಿತು. 1999ರಲ್ಲಿ ಚೀನಾದ ನಾನ್‌ಜಿಂಗ್‌ನಲ್ಲೂ ಇಂಡೋನೇಷ್ಯಾದಲ್ಲೂ ಪ್ರಯೋಗ ನಡೆಯಿತು. 2002ರಲ್ಲಿ ಚೀನಾದ ಸಾನ್ಯಾದಲ್ಲಿ ಹಲವು ದೇಶಗಳವರು ಸೇರಿದರು. ಭಾರತದಲ್ಲಿ ತಮಿಳುನಾಡು ಕೃಷಿ ವಿಶ್ವವಿದ್ಯಾಲಯ ಮೊದಲು ಕೈಹಾಕಿತು. 2003ರ ಮುಂಗಾರಿನಲ್ಲಿ ಆಂಧ್ರದ ಕೃಷಿ ವಿಶ್ವವಿದ್ಯಾಲಯ ಜಿಲ್ಲೆ ಜಿಲ್ಲೆಯ ರೈತರ ಗದ್ದೆಗಳಲ್ಲೇ ಪರೀಕ್ಷೆ ಮಾಡಿತು. ಆಮೇಲೆ ತ್ರಿಪುರಾದಲ್ಲಿ ಸರ್ಕಾರವೇ ಮುಂದೆ ನಿಂತು ಹಬ್ಬಿಸಿತು. ಜಾರ್ಖಂಡ್, ಬಿಹಾರದಲ್ಲಿ ಪ್ರದಾನ್ ಎಂಬ ಸ್ವಯಂಸೇವಾ ಸಂಸ್ಥೆ ಸ್ವಸಹಾಯ ಗುಂಪುಗಳ ಮೂಲಕ ಹಬ್ಬಿಸಿತು. ಈಗ 50ಕ್ಕೂ ಹೆಚ್ಚು ದೇಶಗಳಲ್ಲಿ ಇದನ್ನು ಮಾಡಿ ನೋಡಿದ್ದಾರೆ.

ಇಷ್ಟು ದೂರ ಹೋದದ್ದಕ್ಕೆ ಒಂದು ಕಾರಣವೆಂದರೆ ಇದಕ್ಕೆ ಮಾರಾಟದ ವಸ್ತು ಇಲ್ಲ. ಹೊಸ ತಳಿ ಬೇಡ, ಪೇಟೆಂಟ್ ಇಲ್ಲ. ಅದೇ ಇದರ ಕೊರತೆಯೂ ಹೌದು, ಏಕೆಂದರೆ ಲಾಭಕ್ಕಾಗಿ ಹೊತ್ತು ತಿರುಗುವ ಕಂಪನಿ ಒಂದೂ ಇಲ್ಲ. ಆದ್ದರಿಂದ ಜನರ ಜಾಲವೇ ಇದನ್ನು ಹೊರಬೇಕಾಯಿತು. ಆ ಜಾಲದಲ್ಲಿ ಸುದ್ದಿ ಎರಡೂ ಕಡೆಗೆ ಹರಿದ ಜಾಗಗಳಲ್ಲಿ ಪದ್ಧತಿ ಉಳಿದಿದೆ, ಮೇಲಿಂದ ಕೆಳಕ್ಕೆ ಮಾತ್ರ ಹರಿದ ಕಡೆ ಒಣಗಿದೆ. ಉದಾಹರಣೆಗೆ, ಮಡಗಾಸ್ಕರ್‌ನಲ್ಲಿ ಮೊದಮೊದಲು ಗಂಟು ಹಾಕಿದ ಹಗ್ಗ ಎಳೆದು ಸಾಲು ಹಿಡಿಯುತ್ತಿದ್ದರು, ಆಮೇಲೆ ಮರದ ಹಲ್ಲಿನ ಕುಂಟೆ ಬಂತು. ಎಕರೆಗಟ್ಟಲೆ ನಾಟಿ ಮಾಡುವ ಆಂಧ್ರದ ರೈತರಿಗೆ ಅದು ನಿಧಾನವಾಯಿತು. ಕಬ್ಬಿಣದ ಸರಳು ಬೆಸೆದ ಉರುಳು ಮಾರ್ಕರ್ ಅಲ್ಲಿ ರೂಪುಗೊಂಡಿತು. ಎಳೆದುಕೊಂಡು ಹೋದರೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಒಟ್ಟಿಗೇ ಬೀಳುತ್ತವೆ. ಆ ವಿನ್ಯಾಸ ಬೇರೆ ರಾಜ್ಯಗಳಿಗೂ ಹೋಯಿತು.

ಮಡಗಾಸ್ಕರ್‌ನಲ್ಲೇ ಪದ್ಧತಿ ಹಿಡಿದವರಲ್ಲಿ ಗಣನೀಯ ಭಾಗ ಆಮೇಲೆ ಬಿಟ್ಟುಬಿಟ್ಟರು ಎಂಬುದನ್ನೂ ನಿಮ್ಮ ನಿರ್ದೇಶಕರು ತಿಳಿದಿರಬೇಕು. ಕಾರಣ ಇಳುವರಿಯದಲ್ಲ. ನಾಟಿ ಮತ್ತು ಕಳೆ ತೆಗೆಯುವ ತಿಂಗಳುಗಳಲ್ಲೇ ಬಡ ಕುಟುಂಬಗಳ ಕಣಜ ಖಾಲಿಯಾಗಿರುತ್ತಿತ್ತು. ಅವರು ಅಂದಂದಿನ ಊಟಕ್ಕೆ ಬೇರೆಯವರ ಗದ್ದೆಗೆ ಕೂಲಿ ಹೋಗಬೇಕಿತ್ತು. ಸ್ವಂತ ಗದ್ದೆಯಲ್ಲಿ ಹೆಚ್ಚು ದಿನ ದುಡಿದರೆ ನಾಲ್ಕು ತಿಂಗಳ ಮೇಲೆ ಲಾಭ ಎಂದು ಗೊತ್ತಿದ್ದರೂ ಕಾಯುವ ಶಕ್ತಿ ಇರಲಿಲ್ಲ. ನಿಮ್ಮ ನಾಲ್ಕು ಹಳ್ಳಿಗಳಲ್ಲೂ ಅರ್ಧ ಎಕರೆ, ಒಂದು ಎಕರೆಯವರು ಇದೇ ಸ್ಥಿತಿಯಲ್ಲಿರುತ್ತಾರೆ. ಅವರಿಗೆ ಕಂಪನಿಯಿಂದ ಮೊದಲ ಕಳೆ ಮುಗಿಯುವವರೆಗಿನ ಕೂಲಿಯಷ್ಟು ಮುಂಗಡ ಸಿಗಬೇಕು, ಇಲ್ಲವೇ ಒಬ್ಬರ ಗದ್ದೆಗೆ ಇನ್ನೊಬ್ಬರು ಸರದಿಯಲ್ಲಿ ದುಡಿಯುವ ಮುಯ್ಯಾಳಿನ ಏರ್ಪಾಡು ಬೇಕು. ವೀಡರ್‌ಗೆ ಸಹಾಯಧನ ಕೊಡುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಪದ್ಧತಿಯ ಒಳಕ್ಕೆ ಬರೋಣ. ಹೊಸ ಊರಿಗೆ ಕೊಂಡೊಯ್ಯುವಾಗ ಅಂಕಿಗಳನ್ನು ಮಾತ್ರ ಕೊಟ್ಟರೆ ಸಾಲದು, ಪ್ರತಿ ಅಂಕಿಯ ಹಿಂದಿನ ಕಾರಣವನ್ನೂ ಕೊಡಬೇಕು. ಕಾರಣ ಗೊತ್ತಿದ್ದವರಿಗೆ ಏನನ್ನು ಬದಲಾಯಿಸಬಹುದು, ಏನನ್ನು ಮುಟ್ಟಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಎಕರೆಗೆ 2 ಕಿಲೋ ಬೀಜ ಸಾಕು. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಕರಗಿಸಿದ ನೀರಿಗೆ ಬೀಜ ಸುರಿದು, ತೇಲಿದ್ದನ್ನು ತೆಗೆದು, ಮುಳುಗಿದ್ದನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆಯಿರಿ. ಒಂದೊಂದೇ ಸಸಿ ನೆಡುವಾಗ ಜೊಳ್ಳಿಗೆ ಜಾಗವಿಲ್ಲ. ಎಕರೆಗೆ 40 ಚದರ ಮೀಟರ್ ಸಸಿಮಡಿ ಬೇಕು. ಅದನ್ನು ನಾಟಿಯ ಗದ್ದೆಯ ಮಗ್ಗುಲಲ್ಲೇ ಮಾಡಿ. ಮಣ್ಣಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ಎತ್ತರಿಸಿದ ಮಡಿ ಮಾಡಿದರೆ ಸಸಿ ಸಡಿಲವಾಗಿ ಎದ್ದುಬರುತ್ತದೆ.

ಸಸಿಯ ವಯಸ್ಸು 8ರಿಂದ 12 ದಿನ ಎಂದು ಎಲ್ಲ ಕರಪತ್ರಗಳಲ್ಲೂ ಇರುತ್ತದೆ. ಆದರೆ ನೋಡಬೇಕಾದ್ದು ಎಲೆಯನ್ನು. ಎರಡು ಎಲೆ ಬಿಟ್ಟಿರಬೇಕು, ಬೀಜದ ಕಾಳು ಇನ್ನೂ ಬುಡಕ್ಕೆ ಅಂಟಿಕೊಂಡಿರಬೇಕು. ಆ ಹಂತ ದಾಟಿದ ಮೇಲೆ ಕಿತ್ತು ನೆಟ್ಟರೆ ಮೊದಲ ತೆಂಡೆಗಳು ಹುಟ್ಟುವ ಹೊತ್ತಿಗೇ ಬೇರಿಗೆ ಪೆಟ್ಟು ಬೀಳುತ್ತದೆ. ಕಳೆದುಹೋದ ಆ ತೆಂಡೆಗಳಿಂದ ಮುಂದೆ ಒಡೆಯಬೇಕಾಗಿದ್ದ ಮರಿತೆಂಡೆಗಳೂ ಹೋಗುತ್ತವೆ. ಚಳಿಯಲ್ಲಿ ಎಲೆ ನಿಧಾನಕ್ಕೆ ಬಿಡುತ್ತದೆ, ಆದ್ದರಿಂದ ಬೇಸಿಗೆ ಬೆಳೆಗೆ ಚಳಿಗಾಲದಲ್ಲಿ ಹಾಕಿದ ಮಡಿಯಲ್ಲಿ 14–15 ದಿನವಾದರೂ ಸಸಿ ಅದೇ ಹಂತದಲ್ಲಿರಬಹುದು. ದಿನದ ಲೆಕ್ಕ ಊರಿಂದ ಊರಿಗೆ ಬದಲಾಗುತ್ತದೆ, ಎಲೆಯ ಲೆಕ್ಕ ಬದಲಾಗುವುದಿಲ್ಲ.

ಸಸಿಯನ್ನು ಕೀಳಬಾರದು. ತಗಡಿನ ಚೂರಿನಿಂದ ಮಣ್ಣಿನ ಸಮೇತ ಎತ್ತಿ, ಅರ್ಧ ಗಂಟೆಯೊಳಗೆ ನೆಡಬೇಕು. ಆಳ 1ರಿಂದ 2 ಸೆಂಟಿಮೀಟರ್. ಹೆಬ್ಬೆರಳಿನಿಂದ ಕೆಳಕ್ಕೆ ಒತ್ತಿದರೆ ಬೇರಿನ ತುದಿ ಮೇಲಕ್ಕೆ ಮಡಚಿಕೊಳ್ಳುತ್ತದೆ. ಅದು ಮತ್ತೆ ಕೆಳಮುಖವಾಗಿ ತಿರುಗುವಷ್ಟರಲ್ಲಿ ವಾರ ಕಳೆದಿರುತ್ತದೆ. ಗೆರೆ ಕೂಡುವಲ್ಲಿ ಸಸಿಯನ್ನು ಇಟ್ಟು ಅಡ್ಡಕ್ಕೆ ಮೆಲ್ಲಗೆ ಜಾರಿಸಿದರೆ ಬೇರು ನೆಲದಲ್ಲಿ ಮಲಗಿಕೊಳ್ಳುತ್ತದೆ. 25 ಸೆಂಟಿಮೀಟರ್ ಅಂತರ ಅಂದರೆ ಚದರ ಮೀಟರಿಗೆ 16 ಬುಡ, ಎಕರೆಗೆ ಹತ್ತಿರ ಹತ್ತಿರ 65,000. ಬಡಕಲು ಮಣ್ಣಿನಲ್ಲಿ 20 ಸೆಂಟಿಮೀಟರಿಗೆ ಇಳಿಸಬಹುದು. ಅಂತರ ಬದಲಿಸಿದರೆ ವೀಡರ್‌ನ ಅಗಲವನ್ನೂ ಬದಲಿಸಬೇಕು. ಇದನ್ನು ಮರೆತು ಹಾಳು ಮಾಡಿಕೊಂಡ ಪ್ರಾತ್ಯಕ್ಷಿಕೆಗಳು ಬಹಳ.

ಮಾರ್ಕರ್ ಎಳೆಯುವ ಹದವೂ ಮುಖ್ಯ. ಕೆಸರು ಮಾಡಿ, ಮಟ್ಟ ಹೊಡೆದು, ಒಂದು ರಾತ್ರಿ ಬಿಟ್ಟು, ನೀರು ಬಸಿದು ಆಮೇಲೆ ಎಳೆಯಬೇಕು. ಅವಸರ ಮಾಡಿದರೆ ಗೆರೆ ಮುಚ್ಚಿಕೊಳ್ಳುತ್ತದೆ, ತಡಮಾಡಿದರೆ ಮಣ್ಣು ಗಟ್ಟಿಯಾಗಿ ಗೆರೆಯೇ ಬೀಳುವುದಿಲ್ಲ. ಗದ್ದೆ ಮಟ್ಟವಿಲ್ಲದಿದ್ದರೆ ತಗ್ಗಿನಲ್ಲಿ ಎಳೆ ಸಸಿ ಕೊಳೆಯುತ್ತದೆ, ದಿಬ್ಬದಲ್ಲಿ ಕಳೆ ಮೇಲೇಳುತ್ತದೆ. ಪ್ರತಿ 2–3 ಮೀಟರಿಗೆ ಒಂದು ಬಸಿಗಾಲುವೆ ತೆಗೆದರೆ ಅರ್ಧ ತೊಂದರೆ ತಪ್ಪುತ್ತದೆ.

ಈಗ ವೀಡರ್. ನಿಮ್ಮಲ್ಲಿ ತುಕ್ಕು ಹಿಡಿಯುತ್ತಿರುವ ಯಂತ್ರಗಳ ಕಥೆಯನ್ನು ದೇಶದ ಎಷ್ಟೋ ಹಳ್ಳಿಗಳು ಹೇಳುತ್ತವೆ. ಮಡಗಾಸ್ಕರ್‌ನವರು ಜಪಾನಿನ ಮಾದರಿಯ ಹಲ್ಲುಗಾಲಿ ಯಂತ್ರ ಬಳಸಿದರು. ಕೋನೋವೀಡರ್ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡದ್ದು. ಮುಂದೆ ಒಂದು ತೇಲುಹಲಗೆ, ಹಿಂದೆ ಎದುರುಬದುರಾಗಿ ಕೂರಿಸಿದ ಎರಡು ಶಂಕುಗಳು, ಅವುಗಳ ಮೇಲೆ ಬ್ಲೇಡುಗಳು. ಕೆಂಪು ಮಿಶ್ರಿತ ಮಣ್ಣಿನಲ್ಲಿ ಚೆನ್ನಾಗಿ ಓಡುತ್ತದೆ. ಎರೆಮಣ್ಣಿನಲ್ಲಿ ಬ್ಲೇಡುಗಳ ನಡುವೆ ಜಿಗುಟು ತುಂಬಿ ಶಂಕು ಉರುಳುವುದೇ ನಿಲ್ಲುತ್ತದೆ, ಇಡೀ ಯಂತ್ರ ಜಾರುಬಂಡಿಯಂತೆ ಕೆಸರಿನ ಮೇಲೆ ಸರಿಯುತ್ತದೆ. ನಿಮ್ಮದು ಎರೆಮಣ್ಣಾದರೆ ಹಗುರ ಹಲ್ಲುಗಾಲಿಯ ವೀಡರ್ ತರಿಸಿ ನೋಡಿ.

ಹಳೆಯ ಯಂತ್ರಗಳನ್ನು ಬಿಸಾಡಬೇಡಿ. ಒಂದನ್ನು ವೆಲ್ಡಿಂಗ್ ಅಂಗಡಿಗೆ ಒಯ್ಯಿರಿ, ನಾಟಿಯಾದ ಗದ್ದೆಗೆ ಆ ಅಂಗಡಿಯವನನ್ನೇ ಇಳಿಸಿ. ಅವನು ಮೂರು ಕಡೆ ಕೈ ಹಾಕಬೇಕು. ತೇಲುಹಲಗೆಯ ಮೂತಿ ಕೆಳಕ್ಕೆ ಬಾಗಿದ್ದರೆ ಯಂತ್ರ ಕೆಸರಿಗೆ ಚುಚ್ಚಿಕೊಳ್ಳುತ್ತದೆ, ಮೇಲಕ್ಕೆದ್ದಿದ್ದರೆ ಕಳೆಯ ಮೇಲೆ ತೇಲಿಹೋಗುತ್ತದೆ. ಅದರ ಓರೆಯನ್ನು ಬೋಲ್ಟ್ ಹಾಕಿ ಹೊಂದಿಸುವಂತೆ ಮಾಡಲಿ. ಹಿಡಿಕೆ ನಡೆಸುವವರ ಸೊಂಟದ ಮಟ್ಟಕ್ಕೆ ಬರುವಂತೆ ಎರಡು ಮೂರು ತೂತು ಕೊರೆಯಲಿ. ಗಂಡಸರ ಎತ್ತರಕ್ಕೆ ಬೆಸೆದು ಕೊಟ್ಟ ಹಿಡಿಕೆಯಿಂದಾಗಿ ಹೆಂಗಸರು ಒಂದೇ ದಿನಕ್ಕೆ ಭುಜ ನೋವೆಂದು ಬಿಟ್ಟಿರುತ್ತಾರೆ. ಮೂರನೆಯದು ಅಚ್ಚಿನ ಬುಷ್. ಕೆಸರು ನುಗ್ಗಿ ಸವೆಯುವುದು ಅದೇ, ಆದ್ದರಿಂದ ಬದಲಿ ಬುಷ್‌ಗಳನ್ನು ಅಂಗಡಿಯಲ್ಲಿ ಮೊದಲೇ ಇಡಿಸಿ.

ಓಡಿಸುವ ರೀತಿಯನ್ನೂ ತೋರಿಸಿಕೊಡಬೇಕು. ಸುಮ್ಮನೆ ತಳ್ಳಿಕೊಂಡು ಹೋಗುವುದಲ್ಲ. ಮುಂದೆ ಒಂದು ಮೊಳ ತಳ್ಳಿ, ಸ್ವಲ್ಪ ಹಿಂದಕ್ಕೆಳೆದು, ಮತ್ತೆ ತಳ್ಳಬೇಕು. ಗದ್ದೆಯಲ್ಲಿ ಆಗ 2–3 ಸೆಂಟಿಮೀಟರ್ ನೀರಿರಬೇಕು. ನಾಟಿಯಾದ 10–12ನೇ ದಿನ ಮೊದಲ ಸಲ, ಆಮೇಲೆ 10 ದಿನಕ್ಕೊಮ್ಮೆ, ಪೈರು ಸಾಲು ಮುಚ್ಚುವವರೆಗೆ. ಒಟ್ಟು ಮೂರು ನಾಲ್ಕು ಸಲ, ಎರಡೂ ದಿಕ್ಕಿನಲ್ಲಿ. ನೀರು ನಿಲ್ಲಿಸದ ಗದ್ದೆಯಲ್ಲಿ ಕಳೆ ಖಂಡಿತ ಹೆಚ್ಚು. ವೀಡರ್ ಅದನ್ನು ಮಣ್ಣಿಗೆ ಮುಚ್ಚಿ ಗೊಬ್ಬರ ಮಾಡುತ್ತದೆ, ಬೇರಿನ ಬಳಿ ಗಾಳಿಯಾಡಿಸುತ್ತದೆ. ಮೊದಲ ಸಲ ತಡವಾಗಿ 20ನೇ ದಿನಕ್ಕೆ ಹೋದರೆ ಕಳೆಯ ಬೇರು ಬಲಿತು ಯಂತ್ರಕ್ಕೆ ಬಗ್ಗುವುದಿಲ್ಲ. ಆಮೇಲೆ ಕೈಕಳೆ, ಅದರ ಕೂಲಿ, ‘ಶ್ರೀ ಪದ್ಧತಿ ಖರ್ಚಿನ ಬಾಬತ್ತು’ ಎಂಬ ಮಾತು.

ಈ ಕಾರಣಕ್ಕೆ ಎಷ್ಟು ವೀಡರ್ ಬೇಕೆಂದು ಲೆಕ್ಕ ಹಾಕಿ. ಒಬ್ಬರು ದಿನಕ್ಕೆ ಒಂದು ದಿಕ್ಕಿನಲ್ಲಿ ಸುಮಾರು ಅರ್ಧ ಎಕರೆ ಆಡಿಸುತ್ತಾರೆ. ಎರಡೂ ದಿಕ್ಕಿಗೆ ಎಕರೆಗೆ 4 ದಿನ. 10 ದಿನದ ಸುತ್ತಿನಲ್ಲಿ ಒಂದು ಯಂತ್ರ ಎರಡು, ಹೆಚ್ಚೆಂದರೆ ಎರಡೂವರೆ ಎಕರೆ ಮುಗಿಸುತ್ತದೆ. ಹಳ್ಳಿಗೆ ಒಂದೇ ಯಂತ್ರವಿಟ್ಟು ಹತ್ತು ರೈತರು ತಲಾ ಒಂದು ಎಕರೆಗೆ ಒಂದೇ ವಾರ ನಾಟಿ ಮಾಡಿದರೆ ಎಂಟು ಜನರ ಗದ್ದೆ ಕಳೆಗೆ ಹೋಗುತ್ತದೆ. ಎರಡು ಎಕರೆಗೆ ಒಂದು ಯಂತ್ರ ಇಡಿ.

ನಾಟಿಯ ಗುಂಪಿನ ವಿಷಯ ಇನ್ನೂ ಸೂಕ್ಷ್ಮ. ನಿಮ್ಮ ಕಡೆ ನಾಟಿ ಎಕರೆ ಲೆಕ್ಕದ ಗುತ್ತಿಗೆಯಲ್ಲಿ ನಡೆಯುತ್ತಿದ್ದರೆ, ಹೊಸ ಕೈಗೆ ಎರಡೆಲೆ ಸಸಿ ನೆಡುವುದು ನಿಧಾನ. ಅದೇ ದರಕ್ಕೆ ಅವರು ಯಾಕೆ ಒಪ್ಪಬೇಕು? ಒತ್ತಾಯಿಸಿದರೆ ಒಂದು ಸಸಿಯ ಜಾಗದಲ್ಲಿ ಮೂರು, ಗೆರೆ ಬಿಟ್ಟು ಪಕ್ಕದಲ್ಲಿ, ಆಳಕ್ಕೆ ಒತ್ತಿ ಮುಗಿಸುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. ಮೊದಲ ಹಂಗಾಮಿನಲ್ಲಿ ದಿನಗೂಲಿ ಕೊಡಿ. ಪ್ರತಿ ಹಳ್ಳಿಗೆ 8–10 ಜನರ ಒಂದೇ ಗುಂಪು ಗೊತ್ತು ಮಾಡಿ, ಎಲ್ಲ ಶ್ರೀ ಗದ್ದೆಗಳಿಗೂ ಅದೇ ಗುಂಪು ಹೋಗಲಿ. ಕೈ ಪಳಗಿದ ಮೇಲೆ ಕೆಲಸ ಹಗುರವಾಗುತ್ತದೆ, ಏಕೆಂದರೆ ಹೊರುವ ಅಗೆಯ ಹೊರೆಯೇ ಇರುವುದಿಲ್ಲ, ನೆಡುವ ಸಸಿಯೂ ಕಡಿಮೆ. ಆಗ ಅವರೇ ಗುತ್ತಿಗೆ ದರ ಹೇಳಲಿ. ಪಳಗಿದ ಆ ಗುಂಪಿನ ಇಬ್ಬರನ್ನು ಮುಂದಿನ ಹಳ್ಳಿಗೆ ಕಲಿಸಲು ಕಳಿಸಿ, ಅವರಿಗೆ ಕೂಲಿಗಿಂತ ಹೆಚ್ಚಿನ ಸಂಭಾವನೆ ಕೊಡಿ. ಹೊಸ ಊರಿನ ನಾಟಿ ಹೆಂಗಸರು ಅಧಿಕಾರಿಯ ಮಾತಿಗಿಂತ ಇನ್ನೊಬ್ಬ ನಾಟಿ ಹೆಂಗಸಿನ ಬೆರಳನ್ನು ನೋಡಿ ಬೇಗ ಕಲಿಯುತ್ತಾರೆ.

ನಾಲೆ ಅಚ್ಚುಕಟ್ಟಿನಲ್ಲಿ ನೀರಿನದೇ ದೊಡ್ಡ ಗಂಟು. ಶ್ರೀ ಪದ್ಧತಿಯಲ್ಲಿ ತೆನೆ ಕಟ್ಟುವ ಹಂತದವರೆಗೆ ತೆಳುವಾಗಿ ನೀರು ಕಟ್ಟಿ, ಮಣ್ಣಿನಲ್ಲಿ ಕೂದಲೆಳೆ ಬಿರುಕು ಕಾಣುವವರೆಗೆ ಬಿಟ್ಟು, ಮತ್ತೆ ಕಟ್ಟಬೇಕು. ತೆನೆ ಹೊರಡುವಾಗ ಸುಮಾರು 2 ಸೆಂಟಿಮೀಟರ್ ನಿಲ್ಲಿಸಬೇಕು. ಕೊಯ್ಲಿಗೆ 10–15 ದಿನ ಮೊದಲು ಪೂರ್ತಿ ಬಸಿಯಬೇಕು. ಆದರೆ ನಾಲೆಯ ಕೊನೆಯಂಚಿನ ರೈತನಿಗೆ ಮುಂದಿನ ಸರದಿ ಯಾವತ್ತು ಎಂಬ ಭರವಸೆ ಇಲ್ಲದಿದ್ದರೆ ಬಂದ ನೀರನ್ನು ಅವನು ಬದು ತುಂಬ ಕಟ್ಟಿಯೇ ಕಟ್ಟುತ್ತಾನೆ, ಎಷ್ಟು ತರಬೇತಿ ಕೊಟ್ಟರೂ ಬಿಡುವುದಿಲ್ಲ. ಮೇಲಿನ ಗದ್ದೆಯಿಂದ ಕೆಳಗಿನ ಗದ್ದೆಗೆ ನೀರು ಹಾಯುವ ಕಡೆ ಒಬ್ಬನೇ ಒಣಗಿಸುತ್ತೇನೆಂದರೂ ಆಗದು. ಆದ್ದರಿಂದ ಅಲ್ಲೊಬ್ಬರು ಇಲ್ಲೊಬ್ಬರು ರೈತರನ್ನು ಆರಿಸಬೇಡಿ. ಒಂದೇ ತೂಬಿನ ಕೆಳಗಿನ ಅಕ್ಕಪಕ್ಕದ ಗದ್ದೆಗಳನ್ನು ಆರಿಸಿ. ನೀರು ಬಳಕೆದಾರರ ಸಹಕಾರ ಸಂಘದ ಜೊತೆಯೂ ನೀರುಗಂಟಿಯ ಜೊತೆಯೂ ಕೂತು, ಸರದಿಯ ದಿನಗಳನ್ನು ಬರೆದು ತೂಬಿನ ಬಳಿ ಹಾಕಿ. ಕೊಳವೆಬಾವಿಯ ಗದ್ದೆಗಳಿದ್ದರೆ ಮೊದಲ ಹಂಗಾಮು ಅಲ್ಲಿಂದಲೇ ಶುರುಮಾಡುವುದು ಇನ್ನೂ ಸುಲಭ.

ಕರಾವಳಿಯಲ್ಲಿ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳಿಗೆ ಇದನ್ನು ಒಯ್ಯಬಾರದು. ಒಣಗಿಸಿದರೆ ಉಪ್ಪು ಮೇಲೇಳುತ್ತದೆ. ಮಲೆನಾಡಿನ ಜುಲೈ ಮಳೆಯಲ್ಲಿ ನೀರು ಬಸಿಯುವುದು ನಮ್ಮ ಕೈಯಲ್ಲಿರುವುದಿಲ್ಲ. ಅಲ್ಲಿ ಸ್ವಲ್ಪ ಬಲಿತ ಸಸಿ, ಆಳವಾದ ಬಸಿಗಾಲುವೆ, ಸಾಲು ನಾಟಿ ಇಷ್ಟನ್ನು ಮಾತ್ರ ಹಿಡಿದು ಉಳಿದದ್ದನ್ನು ಬಿಡಬಹುದು. ಎಲ್ಲ ಅಂಶ ಪಾಲಿಸಿದರೆ ಮಾತ್ರ ಶ್ರೀ ಪದ್ಧತಿ ಎಂಬ ಹಟ ಬೇಡ.

ಮೊದಲ ವರ್ಷಕ್ಕೆ ಹಳ್ಳಿಗೆ ನಾಲ್ಕೈದು ರೈತರು, ತಲಾ ಅರ್ಧ ಎಕರೆ ಸಾಕು. ಪ್ರತಿಯೊಬ್ಬರೂ ಪಕ್ಕದಲ್ಲೇ ಅದೇ ತಳಿಯನ್ನು ಎಂದಿನಂತೆ ಬೆಳೆಯಬೇಕು, ಇಲ್ಲದಿದ್ದರೆ ಹೋಲಿಕೆಗೆ ಬೆಲೆಯಿಲ್ಲ. ನಾಲ್ಕು ಹಳ್ಳಿಯವರೂ ಸೇರುವ ದಿನಗಳನ್ನು ಹಂಗಾಮಿಗೆ ಮೊದಲೇ ಗೊತ್ತುಮಾಡಿ: ಸಸಿ ಎತ್ತುವ ದಿನ, ಮೊದಲ ವೀಡರ್ ದಿನ, ತೆಂಡೆ ಎಣಿಸುವ ದಿನ, ಕೊಯ್ಲು. ನಾಟಿಯಾಗಿ 15 ದಿನಕ್ಕೆ ಗದ್ದೆ ಬೋಳುಬೋಳಾಗಿ ಕಾಣುತ್ತದೆ. ದಾರಿಹೋಕರೆಲ್ಲ ಆಡಿಕೊಳ್ಳುವ ಕಾಲ ಅದು, ರೈತ ಹೆದರಿ ನಡುವೆ ಮತ್ತೆ ಸಸಿ ಊರುವುದೂ ಆಗಲೇ. ಬೇರೆ ಕಡೆ ಈಗಾಗಲೇ ಶ್ರೀ ಪದ್ಧತಿ ಮಾಡಿರುವ ರೈತನೊಬ್ಬ ಆ ವಾರ ಬಂದು ಪಕ್ಕದಲ್ಲಿ ನಿಲ್ಲುವಂತೆ ಏರ್ಪಾಡು ಮಾಡಿ.

ಇಳುವರಿಯನ್ನು ಅಂದಾಜಿನ ಮೇಲೆ ಹೇಳಬೇಡಿ. 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕವನ್ನು ಗದ್ದೆಯ ಮೂರು ಕಡೆ ಹಗ್ಗ ಹಿಡಿದು ಗುರುತಿಸಿ, ಬೇರೆಬೇರೆಯಾಗಿ ಕೊಯ್ದು, ಒಣಗಿಸಿ ತೂಗಿ. ಸರಾಸರಿ ಕಿಲೋವನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ. 10 ಕಿಲೋ ಬಂದರೆ 16 ಕ್ವಿಂಟಾಲ್ ಮೇಲೆ ಸ್ವಲ್ಪ. ಬದುವಿನ ಸಾಲು, ಎದ್ದುಕಾಣುವ ಸೊಂಪಾದ ಜಾಗ ಆರಿಸಬಾರದು. 2011ರಲ್ಲಿ ಬಿಹಾರದ ನಾಲಂದಾ ಜಿಲ್ಲೆಯಿಂದ ಹೆಕ್ಟೇರಿಗೆ 22.4 ಟನ್ ಎಂಬ ದಾಖಲೆ ಸುದ್ದಿಯಾದಾಗ ವಿಜ್ಞಾನಿಗಳಿಂದ ಬಲವಾದ ಸಂಶಯ ಎದ್ದಿತು. ಅಂಥ ಅಂಕಿ ಹಿಡಿದು ಪ್ರಚಾರ ಮಾಡಿದರೆ, 20 ಕ್ವಿಂಟಾಲ್ 24 ಆದ ರೈತನೂ ಸೋತೆ ಅಂದುಕೊಳ್ಳುತ್ತಾನೆ. ಬೀಜ, ನೀರು, ಕೂಲಿ ಮೂರರ ಖರ್ಚನ್ನೂ ಇಳುವರಿಯ ಪಕ್ಕದಲ್ಲೇ ಬರೆಸಿ. ಸೋತ ಗದ್ದೆಯ ಲೆಕ್ಕವನ್ನು ಮೊದಲು ಓದಿಸಿ, ಮುಂದಿನ ವರ್ಷಕ್ಕೆ ಬೇಕಾದ ಮಾಹಿತಿ ಹೆಚ್ಚಾಗಿ ಅಲ್ಲೇ ಇರುತ್ತದೆ.

ಕೊನೆಯದಾಗಿ, ನಿಮ್ಮ ಸದಸ್ಯರಲ್ಲಿ ಖುಷ್ಕಿ ಜಮೀನಿನವರಿದ್ದರೆ ಅವರನ್ನು ಹಾವೇರಿ ಕಡೆಯ ಗುಳಿ ರಾಗಿ ನೋಡಲು ಕರೆದೊಯ್ಯಿರಿ. ಶ್ರೀ ಪದ್ಧತಿ ಭಾರತಕ್ಕೆ ಬರುವ ಮೊದಲೇ ಅಲ್ಲಿನ ರೈತರು ತಾವಾಗಿ ಕಂಡುಕೊಂಡಿದ್ದ ವಿಧಾನ ಅದು. ಭತ್ತದ ಜಾಲ ಬೆಳೆದ ಮೇಲೆ ಹೊರಗಿನವರ ಕಣ್ಣಿಗೂ ಬಿತ್ತು. ಸುಮಾರು 45 ಸೆಂಟಿಮೀಟರಿಗೊಂದರಂತೆ ಉದ್ದಕ್ಕೂ ಅಡ್ಡಕ್ಕೂ ಸಾಲು ಹೊಡೆದು, ಸಾಲು ಕೂಡುವ ಗುಳಿಗೆ ಒಂದು ಹಿಡಿ ಗೊಬ್ಬರ ಹಾಕಿ, 20–25 ದಿನದ ಎರಡು ಪೈರು ನೆಡುತ್ತಾರೆ. ಪೈರು ಬೇರೂರಿದ ಮೇಲೆ ಎರಡೂ ದಿಕ್ಕಿಗೆ ಎಡೆಕುಂಟೆ ಹೊಡೆಯುತ್ತಾರೆ, ಅದರ ನಡುವೆ ಮರದ ಕೊರಡನ್ನು ಪೈರಿನ ಮೇಲೇ ಎಳೆಯುತ್ತಾರೆ. ಬಾಗಿದ ಪೈರು ಬುಡದಿಂದ ತೆಂಡೆ ಒಡೆದು ಏಳುತ್ತದೆ. ಕೊರಡು ಎಳೆಯುವುದು ಪೈರು ಇನ್ನೂ ಎಳೆಯದಾಗಿರುವಾಗ, ನಾಟಿಯಾದ 15ರಿಂದ 45 ದಿನದೊಳಗೆ ಮಾತ್ರ. ದಂಟು ಬೆಳೆದ ಮೇಲೆ ಎಳೆದರೆ ಮುರಿಯುತ್ತದೆ. ಆ ವಾರಗಳಲ್ಲೇ ಹೋಗಿ ನೋಡುವಂತೆ ಪ್ರವಾಸದ ದಿನ ಇಟ್ಟುಕೊಳ್ಳಿ.